ಕೂಗಳತೆಯ ಮೇಷ್ಟ್ರು

ಮೊದಲಿಗೆ ನನ್ನ ಅಕ್ಷರಕ್ಕೂ ಮಾತಿಗೂ ಕ್ಷಮೆ ಇರಲಿ. ನನ್ನ ಸಾಲುಗಳು ನೇರವಾಗಿ ಬರುವುದಿಲ್ಲ, ಕೊನೆಗೆ ಹೋಗುತ್ತ ಮೇಲಕ್ಕೆ ಹತ್ತುತ್ತವೆ. ನಾನು ಬರೆಯುವುದನ್ನು ಗಟ್ಟಿಮಾಡಿಕೊಂಡದ್ದು ಹೊಳೆಯಂಚಿನ ದಿಬ್ಬದ ಇಳಿಜಾರಿನಲ್ಲಿ, ಮೊಣಕಾಲ ಮೇಲೆ ರಟ್ಟು ಇಟ್ಟುಕೊಂಡು. ಮೇಜು ಸಿಕ್ಕಿದ್ದು ಸ್ವಲ್ಪ ಕಾಲ ಮಾತ್ರ. ಸಿ ಬುಝಿಯಾನ್ ಮೇಷ್ಟ್ರು ತೀರಿಕೊಂಡ ನಲವತ್ತನೆಯ ದಿನದ ಕೂಟದಲ್ಲಿ ಓದುವುದಕ್ಕೆ ಅವರ ಶಿಷ್ಯರು ಯಾರಾದರೂ ಬರೆದುಕೊಡಬೇಕೆಂದು ಈಗಿನ ಮೇಷ್ಟ್ರು ಕೇಳಿದರು. ಚೆನ್ನಾಗಿ ಓದಿದವರೆಲ್ಲ ಉಜ್ದಾ ಪಟ್ಟಣದಲ್ಲೋ ಫ್ರಾನ್ಸಿನಲ್ಲೋ ಇದ್ದಾರೆ. ಉಳಿದವಳು ನಾನು, ಶಾಲೆಯನ್ನು ನಡುವೆಯೇ ಬಿಟ್ಟವಳು. ಒಂದೊಂದು ವಾಕ್ಯವನ್ನೂ ಬೇರೆ ಹಾಳೆಯಲ್ಲಿ ಬರೆದು, ಒಲೆಯ ಮುಂದೆ ಕೂತು ಮತ್ತೆ ಓದಿ, ತಪ್ಪೆನಿಸಿದ್ದನ್ನು ತಿದ್ದಿ ಇಲ್ಲಿಗೆ ಇಳಿಸಿದ್ದೇನೆ. ಆದರೂ ತಪ್ಪು ಉಳಿದಿದ್ದರೆ ಅದು ನನ್ನದು, ಅವರು ಕಲಿಸಿದ್ದರದ್ದಲ್ಲ.

ಸಿ ಬುಝಿಯಾನರನ್ನು ನೆನೆದರೆ ಎಲ್ಲರಿಗೂ ಮೊದಲು ನೆನಪಾಗುವುದು ಅವರ ಮಾತಿನ ನಂತರದ ಮೌನ. ಒಂದು ವಾಕ್ಯವನ್ನು ಗಟ್ಟಿ ದನಿಯಲ್ಲಿ, ಪದಗಳನ್ನು ಎಳೆದೆಳೆದು ಹೇಳುವರು. ಆಮೇಲೆ ಬಲಗೈಯನ್ನು ಬಟ್ಟಲಿನಂತೆ ಕಿವಿಯ ಹಿಂದೆ ಹಿಡಿದು, ತಲೆಯನ್ನು ತುಸು ಮೂಡಣಕ್ಕೆ ವಾಲಿಸಿ, ಎಲ್ಲಿಂದಲೋ ಉತ್ತರ ಬರಬೇಕಾಗಿದೆ ಎಂಬಂತೆ ಕಾಯುವರು. ಎದುರಿಗೆ ನಿಂತವನು ಆಗಲೇ ಉತ್ತರ ಕೊಟ್ಟಿದ್ದರೂ ಅವರ ಕಾಯುವಿಕೆ ಮುಗಿಯುತ್ತಿರಲಿಲ್ಲ. ರೊಟ್ಟಿ ಅಂಗಡಿಯ ಹಮ್ಮಾದಿಗೆ ಇದು ದಿನದ ತಮಾಷೆ. "ಮೇಷ್ಟ್ರೇ, ನಾನು ಅಲ್ಜೀರಿಯಾದಲ್ಲಿಲ್ಲ, ನಿಮ್ಮ ಮೂಗಿನ ಕೆಳಗೇ ಇದ್ದೀನಿ. ರೊಟ್ಟಿ ತಣ್ಣಗಾಗುತ್ತೆ, ತಗೊಳ್ಳಿ" ಎನ್ನುತ್ತಿದ್ದ. ಮೇಷ್ಟ್ರು ನಗುತ್ತ ರೊಟ್ಟಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಡುವರು. ಅಂಗಡಿಯ ಮೆಟ್ಟಿಲಿಳಿದ ಮೇಲೆ ಮತ್ತೆ ಒಂದು ಗಳಿಗೆ ನಿಂತು ಕೇಳಿಸಿಕೊಳ್ಳುವರು.

ಅವರ ನಡಿಗೆಯೂ ಬೇರೆಯವರಂತಿರಲಿಲ್ಲ. ತಮ್ಮ ಹಿಂದೆ ಪುಟ್ಟ ಮಕ್ಕಳ ಸಾಲೊಂದು ಬರುತ್ತಿದೆ ಎಂಬ ಎಚ್ಚರದಲ್ಲಿ ನಿಧಾನಕ್ಕೆ ಹೆಜ್ಜೆ ಹಾಕುವರು. ಡಾಂಬರು ರಸ್ತೆ ಬಂದರೆ ಅಂಚಿನಲ್ಲಿ ನಿಂತು, ಎರಡೂ ಕೈಗಳನ್ನು ಅಗಲಕ್ಕೆ ಚಾಚಿ, ಎಡಬಲ ನೋಡಿ, ಆಮೇಲೆ ದಾಟುವರು. ಹಿಂದೆ ಯಾರೂ ಇರುತ್ತಿರಲಿಲ್ಲ. ಹೊಸದಾಗಿ ಊರಿಗೆ ಬಂದ ಟ್ರ್ಯಾಕ್ಟರ್ ಚಾಲಕನೊಬ್ಬ ಇದನ್ನು ಕಂಡು ಗಾಡಿ ನಿಲ್ಲಿಸಿ, ಇಣುಕಿ, ಮಕ್ಕಳನ್ನು ಹುಡುಕಿದ್ದನಂತೆ.

ಆ ಮಕ್ಕಳು ಒಂದು ಕಾಲದಲ್ಲಿ ನಿಜವಾಗಿಯೂ ಇದ್ದರು. ಅವರಲ್ಲಿ ನನ್ನ ಅಪ್ಪ ಲಖ್ದರನೂ ಒಬ್ಬ.

ನಮ್ಮೂರು ಕೀಸ್ ಹೊಳೆಯ ಪಡುವಣ ದಡದಲ್ಲಿದೆ, ಅದು ಮೊರೊಕ್ಕೊ. ಮೂಡಣ ದಡದಲ್ಲಿರುವ ಎದುರೂರು ಅಲ್ಜೀರಿಯಾ. ಅಪ್ಪನ ಬಾಲ್ಯದಲ್ಲಿ, ಬಹಳ ವರ್ಷ ಮುಚ್ಚಿದ್ದ ಗಡಿ ತೆರೆದಾಗ, ಸಿ ಬುಝಿಯಾನರೂ ಎದುರೂರಿನ ಶಾಲೆಯ ಖೈರಾ ಮೇಡಂ ಅವರೂ ಸೇರಿ ಒಂದು ಏರ್ಪಾಡು ಮಾಡಿದರು. ವಸಂತದಲ್ಲಿ ನಮ್ಮ ಮಕ್ಕಳು ಅಲ್ಲಿಗೆ ಹೋಗಿ ಅವರ ಮನೆಗಳಲ್ಲಿದ್ದು ಅವರ ಶಾಲೆಯಲ್ಲಿ ಕೂರುವುದು. ಶರತ್ಕಾಲದಲ್ಲಿ ಅವರ ಮಕ್ಕಳು ಇಲ್ಲಿಗೆ ಬರುವುದು. ದೊಡ್ಡ ಮಾತೇನೂ ಇಲ್ಲದೆ, ಎರಡೂ ಕಡೆಯ ಅಧಿಕಾರಿಗಳಿಂದ ಒಪ್ಪಿಗೆ ಪಡೆದು, ಸೇತುವೆಯ ಮೇಲೆ ಮಕ್ಕಳನ್ನು ಸಾಲಾಗಿ ನಡೆಸಿಕೊಂಡು ಹೋಗಿ ಮಾಡಿದ ಕೆಲಸ ಅದು. ಅಪ್ಪ ಖೈರಾ ಮೇಡಂ ಮನೆಯಲ್ಲೇ ಉಳಿದಿದ್ದ. ಮೊದಲ ಸಂಜೆಯೇ ಆಕೆಯ ಅಣ್ಣನ ಮಗನಿಗೂ ಅಪ್ಪನಿಗೂ ಜಗಳ ಹತ್ತಿತು. ಕಡಲೆಹಿಟ್ಟು ಕಲಸಿ ಒಲೆಯಲ್ಲಿ ಬೇಯಿಸುವ ತಿಂಡಿಗೆ ನಾವು ಕರಾನ್ ಎನ್ನುತ್ತೇವೆ, ಅವರು ಕರಂತೀಟಾ ಎನ್ನುತ್ತಾರೆ. ಯಾವುದು ಸರಿ ಎಂದು ಹುಡುಗರು ಅಂಗಿ ಹರಿದುಕೊಂಡರು. ಖೈರಾ ಮೇಡಂ ಬೈಯಲಿಲ್ಲವಂತೆ. ಒಂದು ದೊಡ್ಡ ಬೋಗುಣಿಯನ್ನು ಇಬ್ಬರ ನಡುವೆ ಇಟ್ಟು, "ಹೆಸರಿಗೆ ಹೊಡೆದಾಡಿದ್ದಾಯ್ತಲ್ಲ, ಈಗ ಹಿಟ್ಟಿನ ಜೊತೆ ಹೊಡೆದಾಡಿ" ಎಂದು ಕಲಸುವುದಕ್ಕೆ ಕೂರಿಸಿದರಂತೆ. ಅಪ್ಪ ಈಗಲೂ ಕರಾನಿನ ಮೇಲೆ ಅವರಂತೆ ಕೈತುಂಬ ಜೀರಿಗೆ ಉದುರಿಸುತ್ತಾನೆ. ಅಮ್ಮ ಬೇಡವೆಂದರೂ ಬಿಡುವುದಿಲ್ಲ.

ಮೇಷ್ಟ್ರು ಈ ಜಗಳದ ಕಥೆಯನ್ನು ಪ್ರತಿವರ್ಷ ಹೊಸ ಮಕ್ಕಳಿಗೆ ಹೇಳುತ್ತಿದ್ದರು. ಅವರ ನಂಬಿಕೆಯೆಲ್ಲ ಅದರಲ್ಲಿತ್ತು. "ದೊಡ್ಡವರು ಕೈಕುಲುಕಿದ್ರೆ ಒಂದು ಫೋಟೋ ಆಗುತ್ತೆ. ಮಕ್ಕಳು ಒಂದೇ ಬೆಂಚಲ್ಲಿ ಕೂತು ಜಗಳ ಆಡಿದ್ರೆ ನೆಂಟಸ್ತನ ಆಗುತ್ತೆ" ಎನ್ನುವರು. ಹಾಗೆಂದು ಕಿವಿಯ ಹಿಂದೆ ಕೈ ಇಟ್ಟು ಕಾಯುವರು.

ಮತ್ತೆ ಗಡಿ ಮುಚ್ಚಿತು. ಅದು ಬೇಸಿಗೆಯ ಕೊನೆ. ಶರತ್ಕಾಲಕ್ಕೆ ಎದುರೂರಿನ ಮಕ್ಕಳು ಬರಬೇಕಾಗಿತ್ತು. ಅವರಿಗಾಗಿ ನಮ್ಮೂರಿನ ಹೆಂಗಸರು ಉಣ್ಣೆಯ ಹಾಸಿಗೆಗಳನ್ನು ಬಿಚ್ಚಿ, ತೊಳೆದು, ಬಿಸಿಲಿಗೆ ಹರಡಿದ್ದರು. ಹಾಸಿಗೆಗಳನ್ನು ಮತ್ತೆ ಹೊಲಿದು ಒಳಗಿಟ್ಟರು. ಯಾರೂ ಬರಲಿಲ್ಲ. ಅವರು ಬರಬೇಕಾಗಿದ್ದ ಶುಕ್ರವಾರ ಮೇಷ್ಟ್ರು ಹೊಳೆಯಂಚಿನ ದಿಬ್ಬ ಹತ್ತಿದರು. ಎದುರು ದಡದಲ್ಲಿ, ಕಣಗಿಲೆ ಗಿಡಗಳ ಹಿಂದೆ, ಖೈರಾ ಮೇಡಂ ಹೊರಡಲು ಸಿದ್ಧವಾಗಿದ್ದ ಮಕ್ಕಳನ್ನು ನಿಲ್ಲಿಸಿಕೊಂಡಿದ್ದರು. ಹೊಳೆ ಅಗಲವಲ್ಲ. ಮುಖ ಗುರುತು ಸಿಗುವುದಿಲ್ಲ, ಕೂಗಿದರೆ ಕೇಳಿಸುತ್ತದೆ. ಮೇಷ್ಟ್ರು ಏನು ಹೇಳುವುದೆಂದು ತಿಳಿಯದೆ, ಇಬ್ಬರೂ ಸೇರಿ ಮಕ್ಕಳಿಗಾಗಿ ಬರೆದಿದ್ದ ಪಾಠದ ಮೊದಲ ವಾಕ್ಯವನ್ನು ಉಕ್ತಲೇಖನ ಹೇಳುವ ಹಾಗೆ ಕೂಗಿದರು: "ಈ ಹೊಳೆ ಎರಡೂ ಊರಿನ ಹೊಲಗಳಿಗೆ ನೀರು ಕೊಡುತ್ತದೆ." ಕಿವಿಗೆ ಕೈ ಹಿಡಿದು ಕಾದರು. ಆ ಕಡೆಯಿಂದ ಖೈರಾ ಮೇಡಂ ಎರಡನೆಯ ವಾಕ್ಯ ಕೂಗಿದರು: "ಬೇಸಿಗೆಯಲ್ಲಿ ಅದು ಬತ್ತಿದಾಗ ಎರಡೂ ಊರಿನ ಮಕ್ಕಳು ನಡುವಿನ ಕಲ್ಲುಗಳ ಮೇಲೆ ಕೂರುತ್ತಾರೆ."

ಎರಡು ದಡಗಳ ನಮ್ಮ ಶಾಲೆ ಶುರುವಾದದ್ದು ಹೀಗೆ. ನಾನು ಹುಟ್ಟುವ ಹೊತ್ತಿಗೆ ಅದು ಊರಿನ ಪದ್ಧತಿಯೇ ಆಗಿಹೋಗಿತ್ತು. ಶುಕ್ರವಾರದ ನಮಾಜು ಮುಗಿದು, ಮನೆಗಳಲ್ಲಿ ಕುಸ್ಕುಸ್ ಉಂಡು, ಮಕ್ಕಳು ದಿಬ್ಬಕ್ಕೆ ಬರುವರು. ಅವರ ವಾರದ ರಜೆಯೇ ಬೇರೆ, ನಮ್ಮದೇ ಬೇರೆ. ಶುಕ್ರವಾರದ ಮಧ್ಯಾಹ್ನವೊಂದೇ ಎರಡೂ ಕಡೆ ಬಿಡುವು. ಗಡಿಯಾರಗಳೂ ಒಂದಾಗಿರಲಿಲ್ಲ, ಅವರದು ನಮಗಿಂತ ಮುಂದೆ ಓಡುತ್ತಿತ್ತು. ಹಾಗಾಗಿ ಮೇಷ್ಟ್ರು ಗಡಿಯಾರ ನೋಡುತ್ತಿರಲಿಲ್ಲ. ದಿಬ್ಬದ ಮೇಲಿನ ಒಂಟಿ ಆಲಿವ್ ಮರದ ನೆರಳು ದೊಡ್ಡ ಬಂಡೆಯನ್ನು ಮುಟ್ಟಿದರೆ ಪಾಠ ಶುರು, ಎರಡೂ ಊರಿನ ಮಸೀದಿಗಳಿಂದ ಇಳಿಹೊತ್ತಿನ ಅಸರ್ ಬಾಂಗು ಒಟ್ಟಿಗೆ ಎದ್ದರೆ ಮುಕ್ತಾಯ.

ಗಾಳಿಗೂ ಒಂದು ನಿಯಮವಿತ್ತು. ಪಡುವಣ ಗಾಳಿಯಿದ್ದರೆ ನಮ್ಮ ದನಿ ಅವರಿಗೆ ಹೋಗುತ್ತದೆ, ಆ ದಿನ ಮೇಷ್ಟ್ರು ಹೆಚ್ಚು ಓದುವರು. ಮೂಡಣ ಗಾಳಿಯಿದ್ದರೆ ಅವರ ದನಿ ಬರುತ್ತದೆ, ಆ ದಿನ ನಾವು ಬರೆದುಕೊಳ್ಳುವವರು. ನಮ್ಮೂರ ಮಕ್ಕಳು ಇವತ್ತಿಗೂ ಗಾಳಿಗೆ ಬೆರಳೆತ್ತಿ "ಇವತ್ತು ನಮ್ಮ ಮಾತು", "ಇವತ್ತು ಅವರ ಮಾತು" ಎನ್ನುತ್ತಾರೆ. ಬೇರೆ ಊರಿನಿಂದ ಮದುವೆಯಾಗಿ ಬಂದ ಹೆಣ್ಣುಮಕ್ಕಳಿಗೆ ಇದರ ಅರ್ಥ ಆಗುವುದಿಲ್ಲ.

ದಿಬ್ಬಕ್ಕೆ ಮೇಷ್ಟ್ರು ತಪ್ಪದೆ ತಮ್ಮ ಬಿಳಿ ಮೇಲಂಗಿ ತೊಟ್ಟು ಬರುವರು. ನಿವೃತ್ತರಾಗಿ ಎಷ್ಟೋ ವರ್ಷವಾಗಿದ್ದರೂ, ತರಗತಿಯಲ್ಲಿ ತೊಡುತ್ತಿದ್ದ ಆ ಮೇಲಂಗಿಯನ್ನು ಅವರ ತಂಗಿ ಲಾಲ್ಲಾ ತಾಮು ಗುರುವಾರವೇ ಒಗೆದು ಒಣಗಿಸಿಡಬೇಕು. ಕಾಲರು ಸವೆದು ಮಗುಚಿ ಹೊಲಿದದ್ದು, ಜೇಬಿನಲ್ಲಿ ಸದಾ ಒಂದು ತುಂಡು ಸೀಮೆಸುಣ್ಣ. ದಿಬ್ಬದ ಮೇಲೆ ಕರಿಹಲಗೆಯೇ ಇರಲಿಲ್ಲ, ಆದರೂ ಸೀಮೆಸುಣ್ಣ. ಚಳಿಗಾಲದಲ್ಲಿ ಮೇಲೊಂದು ಕಂದು ಜೆಲ್ಲಾಬ ಹಾಕಿಕೊಂಡು ಬಂದು, ದಿಬ್ಬ ಹತ್ತಿದ ಕೂಡಲೇ ಅದನ್ನು ಕಳಚಿ ಮರದ ಕೊಂಬೆಗೆ ಸಿಕ್ಕಿಸುವರು. ಹಲ್ಲು ಕಟಕಟ ಎನ್ನುತ್ತಿದ್ದರೂ ತೊಡುತ್ತಿರಲಿಲ್ಲ. ಲಾಲ್ಲಾ ತಾಮು ಬೈದರೆ, "ಬಿಳಿ ಇಲ್ದಿದ್ರೆ ನಾನು ಮಣ್ಣಿನ ಬಣ್ಣಕ್ಕೆ ಸೇರಿಹೋಗ್ತೀನಿ ತಾಮು, ಆ ಕಡೆ ಮಕ್ಕಳು ಯಾರನ್ನ ನೋಡ್ಬೇಕು?" ಎನ್ನುವರು.

ಖೈರಾ ಮೇಡಂ ಜೊತೆ ಅವರು ಫೋನಿನಲ್ಲಿ ಮಾತಾಡುತ್ತಲೇ ಇದ್ದರು. ಹಬ್ಬಕ್ಕೆ, ಸಾವಿಗೆ, ಮದುವೆಗೆ. ಮತ್ತೇಕೆ ಈ ಕೂಗಾಟ ಎಂದು ಅಪ್ಪ ಒಮ್ಮೆ ಕೇಳಿದ. ಅಪ್ಪನ ಕೆಲಸ ಆಗ ಅಲ್ಜೀರಿಯಾದ ಪೆಟ್ರೋಲನ್ನು ರಸ್ತೆಬದಿಯಲ್ಲಿ ಮಾರುವುದು. ಡಬ್ಬಗಳನ್ನು ಹೊತ್ತ ಕತ್ತೆಗಳು ದಾರಿ ಕಲಿತು ತಾವೇ ಹೊಳೆ ದಾಟಿ ಬರುತ್ತಿದ್ದವು. "ಮೇಷ್ಟ್ರೇ, ಸುಮ್ನೆ ಗಂಟ್ಲು ಯಾಕೆ ಹರ್ಕೊಳ್ತೀರಿ? ಪಾಠನ ನನ್ನ ಕತ್ತೆ ಮೇಲೆ ಹೇರಿ ಕಳಿಸಿ, ಅದಕ್ಕೆ ಪಾಸ್‌ಪೋರ್ಟ್ ಕೇಳಲ್ಲ" ಎಂದ. ಮೇಷ್ಟ್ರು ಬಹಳ ನಕ್ಕರು. ಆಮೇಲೆ ಹೇಳಿದ ಮಾತು ನನಗೆ ನೆನಪಿದೆ: "ಫೋನಲ್ಲಿ ಇಬ್ಬರು ಮಾತಾಡಬಹುದು ಲಖ್ದರ್. ನನಗೆ ಎರಡು ತರಗತಿ ಮಾತಾಡ್ಬೇಕು."

ಅವರಿಗೆ ಬದುಕಿನಲ್ಲಿ ಬೇಕಾಗಿದ್ದದ್ದು ಅದೊಂದೇ. ಗಡಿ ತೆರೆಯಲಿ ಎಂದು ಅವರು ಕೇಳುತ್ತಿರಲಿಲ್ಲ. ಅದು ತಮ್ಮ ಅಳತೆಯ ಮಾತಲ್ಲ ಎಂದು ತಿಳಿದಿದ್ದರು. ಹೊಳೆ ಬತ್ತಿದ ಒಂದು ಮಧ್ಯಾಹ್ನ, ಎರಡೂ ಕಡೆಯ ಕಾವಲುಗಾರರು ನೋಡುತ್ತಿರುವಾಗಲೇ, ಎರಡೂ ಶಾಲೆಯ ಮಕ್ಕಳು ನಡುವಿನ ಕಲ್ಲುಗಳ ಮೇಲೆ ಕೂತು ಒಂದು ಉಕ್ತಲೇಖನ ಬರೆಯಬೇಕು. ಬರೆದು, ಎದ್ದು, ಅವರವರ ದಡಕ್ಕೆ ಹಿಂತಿರುಗಬೇಕು. ಅಷ್ಟೇ.

ನಾನು ದಿಬ್ಬಕ್ಕೆ ಸೇರಿದ್ದು ಶಾಲೆ ಬಿಟ್ಟ ಮೇಲೆ. ಪ್ರಾಥಮಿಕ ಶಾಲೆ ಊರಲ್ಲೇ ಆಯಿತು. ಮುಂದಿನದು ಪೇಟೆಯಲ್ಲಿ. ಅಲ್ಲಿ ನಿಂತು ಉತ್ತರ ಹೇಳೆಂದರೆ ನನಗೆ ಬಾಯೇ ಬರುತ್ತಿರಲಿಲ್ಲ; ಅಷ್ಟರಲ್ಲಿ ಅಮ್ಮ ಹಾಸಿಗೆ ಹಿಡಿದಳು, ತಮ್ಮಂದಿರು ಚಿಕ್ಕವರು, ಒಂದು ವಾರ ಹೋಗಲಿಲ್ಲ, ಆಮೇಲೆ ಹೋಗಲೇ ಇಲ್ಲ. ಒಂದು ಶುಕ್ರವಾರ ಮೇಷ್ಟ್ರು ನಮ್ಮ ಬಾಗಿಲಿಗೆ ಬಂದು, ಯಾಕೆ ಬಿಟ್ಟೆ ಎಂದು ಕೇಳದೆ, "ಇಕ್ರಾಮ್, ದಿಬ್ಬದ ಮೇಲೆ ಯಾರೂ ಬಾಯ್ಬಿಡ್ಬೇಕಾಗಿಲ್ಲ ಮಗಳೇ. ಕೇಳಿಸ್ಕೊಂಡು ಬರೆದ್ರೆ ಸಾಕು" ಎಂದರು. ನಾನು ಹೋದೆ. ಎಲ್ಲರಿಗಿಂತ ದೊಡ್ಡವಳಾಗಿ ಹಿಂದಿನ ಸಾಲಿನಲ್ಲಿ ಕೂತೆ. ಈಗ ನೀವು ಓದುತ್ತಿರುವ ಪ್ರತಿ ಪದವೂ ಆ ಇಳಿಜಾರಿನಲ್ಲಿ, ಅರ್ಧ ಮೇಷ್ಟ್ರ ಬಾಯಿಂದ, ಅರ್ಧ ನಾನು ಮುಖ ಕಾಣದ ಖೈರಾ ಮೇಡಂ ಬಾಯಿಂದ ನನಗೆ ಬಂದದ್ದು.

ಒಂದು ವಸಂತದಲ್ಲಿ ಮೇಷ್ಟ್ರಿಗೆ ಉಜ್ದಾದಿಂದ ಕರೆ ಬಂತು. ನೆರೆಯ ಅರಬ್ ದೇಶಗಳ ನಡುವೆ ವಿದ್ಯೆಯ ಸಹಕಾರದಿಂದ ಬಾಂಧವ್ಯ ಬೆಳೆಸುವ ಬಗ್ಗೆ ದೊಡ್ಡ ಸಭೆಯಂತೆ. ಹಿಂದೆ ಮಕ್ಕಳ ವಿನಿಮಯ ಮಾಡಿದ ಮೇಷ್ಟ್ರು ಎಂದು ಯಾರೋ ಅವರ ಹೆಸರು ಹೇಳಿದ್ದರು. ಲಾಲ್ಲಾ ತಾಮು ಬಿಳಿ ಮೇಲಂಗಿಗೆ ಗಂಜಿ ಹಾಕಿ ಇಸ್ತ್ರಿ ಮಾಡಿದಳು. ಮೇಷ್ಟ್ರು ನನ್ನನ್ನೂ ಕರೆದುಕೊಂಡರು, ಯಾರಾದರೂ ಕೇಳಿದರೆ ದಿಬ್ಬದ ಮೇಲೆ ಬರೆದದ್ದನ್ನು ತೋರಿಸುವುದಕ್ಕೆ. ಅಪ್ಪ ಯಾರದೋ ವ್ಯಾನು ತಂದು ಕರೆದುಕೊಂಡು ಹೋದ. ದಾರಿಯುದ್ದಕ್ಕೂ ಮೇಷ್ಟ್ರು ತುಟಿ ಆಡಿಸುತ್ತ ತಾವು ಹೇಳಬೇಕಾದದ್ದನ್ನು ಹೇಳಿಕೊಳ್ಳುತ್ತಿದ್ದರು.

ಸಭಾಂಗಣ ತಂಪಾಗಿತ್ತು, ನೆಲ ಕನ್ನಡಿಯಂತಿತ್ತು. ಮೇಷ್ಟ್ರ ಪಕ್ಕದಲ್ಲಿ ಕೂತವರು ತ್ಲೆಮ್ಸೆನಿನಿಂದ ಬಂದ ಅಲ್ಜೀರಿಯಾದ ಪ್ರಾಧ್ಯಾಪಕರು. ತ್ಲೆಮ್ಸೆನ್ ಉಜ್ದಾದಿಂದ ಮಧ್ಯಾಹ್ನದ ಊಟಕ್ಕೆ ಹೋಗಿ ಸಂಜೆಗೆ ಬರಬಹುದಾದಷ್ಟು ಹತ್ತಿರ. ಗಡಿ ಮುಚ್ಚಿದ್ದರಿಂದ ಅವರು ಅಲ್ಜೀರ್ಸಿಗೆ ಹೋಗಿ, ವಿಮಾನದಲ್ಲಿ ಕಾಸಾಬ್ಲಾಂಕಾಕ್ಕೆ ಬಂದು, ಅಲ್ಲಿಂದ ಇನ್ನೊಂದು ವಿಮಾನ ಹಿಡಿದು ಬಂದಿದ್ದರು. ಕಣ್ಣು ಕೆಂಪಾಗಿತ್ತು. ನಿಮ್ಮೂರು ಗಡಿಯಿಂದ ಎಷ್ಟು ದೂರ ಎಂದು ಅವರು ಮೇಷ್ಟ್ರನ್ನು ಕೇಳಿದರು.

"ಕೂಗಳತೆ" ಎಂದರು ಮೇಷ್ಟ್ರು. ಆ ಮನುಷ್ಯ ಮೇಷ್ಟ್ರ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ.

ಅನೇಕರು ಮಾತಾಡಿದರು. ಎಲ್ಲವೂ ಒಳ್ಳೆಯ ಮಾತುಗಳೇ. ಒಂದೇ ಭಾಷೆ, ಒಂದೇ ಇತಿಹಾಸ, ಪಠ್ಯಗಳನ್ನು ಹತ್ತಿರ ತರಬೇಕು, ವಿದ್ಯಾರ್ಥಿಗಳು ಹೋಗಿಬರಬೇಕು. ಮೇಷ್ಟ್ರು ತಲೆದೂಗುತ್ತಲೇ ಇದ್ದರು. ಊಟಕ್ಕೆ ಸ್ವಲ್ಪ ಮೊದಲು ಅವರ ಹೆಸರು ಕರೆದರು. ಅವರು ಹೋಗಿ ಧ್ವನಿವರ್ಧಕದ ಮುಂದೆ ನಿಂತು, ದಿಬ್ಬದ ಮೇಲೆ ನಿಂತವರಂತೆ ಎದೆ ಸೆಟೆಸಿ, ಗಟ್ಟಿಯಾಗಿ ಹೇಳಿದರು: "ಬೇಸಿಗೇಲಿ ನಮ್ಮ ಹೊಳೆ ಬತ್ತಿರುತ್ತೆ."

ಹೇಳಿ, ಕಿವಿಯ ಹಿಂದೆ ಕೈ ಇಟ್ಟುಕೊಂಡರು.

ಸಭೆ ಕಾಯಿತು. ಮೇಷ್ಟ್ರೂ ಕಾದರು. ಮುಂದಿನ ಸಾಲಿನಲ್ಲಿ ಯಾರೋ ಮುಗುಳ್ನಕ್ಕರು. ಅಧ್ಯಕ್ಷರು, ಪಾಪ, ಒಳ್ಳೆಯವರೇ, ಮುದುಕರಿಗೆ ಮಾತು ಮರೆತಿರಬೇಕು, ಅವಮಾನವಾಗಬಾರದು ಎಂದುಕೊಂಡು ಮೆಲ್ಲಗೆ ಚಪ್ಪಾಳೆ ತಟ್ಟಿದರು. ಸಭೆಯೆಲ್ಲ ತಟ್ಟಿತು. ಮೇಷ್ಟ್ರ ಮುಖ ಅರಳಿತು. ಉತ್ತರ ಬಂತೆಂದುಕೊಂಡರು. ಚಪ್ಪಾಳೆ ನಿಲ್ಲುವ ತನಕ ಕಾದು, ಎರಡನೆಯ ವಾಕ್ಯಕ್ಕೆ ಬಾಯಿ ತೆರೆದರು. ಅಷ್ಟರಲ್ಲಿ ಸೂಟು ತೊಟ್ಟ ಒಬ್ಬರು ಅವರ ಭುಜ ಬಳಸಿ, ಮೆಟ್ಟಿಲು ಇಳಿಸಿ, ಕುರ್ಚಿಯ ತನಕ ಮರ್ಯಾದೆಯಿಂದ ಕರೆತಂದು ಬಿಟ್ಟರು. ಊಟದ ಘೋಷಣೆಯಾಯಿತು. ಮಕ್ಕಳು, ಕಲ್ಲುಗಳು, ಒಂದು ಮಧ್ಯಾಹ್ನ, ಯಾವುದೂ ಆ ಸಭೆಯಲ್ಲಿ ಹೇಳಲ್ಪಡಲಿಲ್ಲ. ಊಟದ ಹೊತ್ತಿನಲ್ಲಿ ಹೇಳಿನೋಡಿದರು. ಅಧ್ಯಕ್ಷರ ಸುತ್ತ ಜನ ಬಹಳ ಇತ್ತು.

ವಾಪಸು ಬರುವಾಗ ಅಪ್ಪ, ಏನಾಯಿತೆಂದು ಕೇಳಿದ. ಮೇಷ್ಟ್ರು ಮೇಲಂಗಿಯ ಗಂಜಿ ಮುರಿಯದ ಹಾಗೆ ನೆಟ್ಟಗೆ ಕೂತಿದ್ದರು. "ಸಭೆ ಚೆನ್ನಾಗಿತ್ತು ಲಖ್ದರ್" ಎಂದರು. ಸ್ವಲ್ಪ ದೂರ ಹೋದ ಮೇಲೆ, "ಗಾಳಿ ಮಾತ್ರ ನಮ್ಮ ಕಡೆ ಇರ್ಲಿಲ್ಲ" ಎಂದರು.

ಅದಾದ ಮೇಲೆ ಬೇಲಿ ಬಂತು. ಆ ಕಡೆ ಕಂದಕ ತೋಡಿದರು, ಈ ಕಡೆ ಕಬ್ಬಿಣದ ಬೇಲಿ ಎತ್ತಿದರು. ಕತ್ತೆಗಳು ನಿಂತವು, ಅಪ್ಪ ಬರ್ಕಾನಿನ ಕಿತ್ತಳೆ ತೋಟಗಳಿಗೆ ಕೂಲಿಗೆ ಹೋದ. ನಡುವಿನ ಕಲ್ಲುಗಳು ಬೇಲಿಗೂ ಕಂದಕಕ್ಕೂ ನಡುವೆ ಯಾರಿಗೂ ಸೇರದೆ ಬಿದ್ದುಕೊಂಡವು. ಹೊಸದಾಗಿ ಬಂದ ಎಳೆಯ ಸೈನಿಕನೊಬ್ಬ, ದಕ್ಷಿಣದ ಕಡೆಯವನು, ಮೇಷ್ಟ್ರನ್ನು ತಡೆದು, "ಹಾಜ್, ಇಲ್ಲಿ ನಿಲ್ಲೋ ಹಾಗಿಲ್ಲ" ಎಂದ. ನಮ್ಮಲ್ಲಿ ವಯಸ್ಸಾದವರನ್ನೆಲ್ಲ ಹಾಗೆ ಕರೆಯುವುದು ವಾಡಿಕೆ. ಮೇಷ್ಟ್ರು, "ನಾನಿನ್ನೂ ಹಜ್‌ಗೆ ಹೋಗಿಲ್ಲ ಮಗಾ. ಎದುರೂರಿಗೇ ಹೋಗೋಕಾಗಿಲ್ಲ, ಮಕ್ಕಾ ಎಲ್ಲಿಂದ ಬಂತು" ಎಂದರು. ಹುಡುಗ ನಗು ತಡೆಯಲಾರದೆ ಬೇರೆ ಕಡೆ ತಿರುಗಿದ. ಆಮೇಲೆ ಯಾರೂ ತಡೆಯಲಿಲ್ಲ.

ಆದರೆ ಮಕ್ಕಳು ಕಡಿಮೆಯಾದರು. ಎದುರೂರಿನ ಶಾಲೆಯನ್ನು ಹೊಳೆಯಿಂದ ಒಳಗೆ ಹೊಸ ಕಟ್ಟಡಕ್ಕೆ ಒಯ್ದರು, ಖೈರಾ ಮೇಡಂ ನಿವೃತ್ತರಾದರು. ಆ ದಡದಲ್ಲಿ ಈಗ ಬಿಳಿ ಹೊದಿಕೆಯ ಒಂದು ಆಕೃತಿ, ಪಕ್ಕದಲ್ಲಿ ಮೊಮ್ಮಕ್ಕಳಿರಬೇಕು, ಒಂದು ಗುಲಾಬಿ ಅಂಗಿ, ಒಂದು ನೀಲಿ ಅಂಗಿ. ಪಾಠ ನಡೆಯುತ್ತಲೇ ಇತ್ತು. ನಮ್ಮ ಕಡೆಯ ಪುಟ್ಟ ಹುಡುಗಿಯೊಬ್ಬಳು ಎರಡನೆಯ ವಾಕ್ಯ ಬರೆಯುವುದನ್ನು ನಿಲ್ಲಿಸಿ, ಮಕ್ಕಳು ಕಲ್ಲುಗಳ ಮೇಲೆ ಕೂರುವುದೇ ಇಲ್ಲವಲ್ಲ, ಇದು ಸುಳ್ಳಲ್ಲವೇ ಎಂದು ಕೇಳಿದಳು. ಮೇಷ್ಟ್ರು ಬೇಲಿಯನ್ನು ನೋಡಿದರು. "ಸುಳ್ಳಲ್ಲ ಕಂದಾ. ಬಾಕಿ ಇದೆ" ಎಂದರು. ಅವಳು ಬರೆದಳು.

ಹೋದ ವರ್ಷದ ಚಳಿಗೆ ಅವರ ದನಿ ಹೋಯಿತು. ಮೊದಲು ಒಡೆಯಿತು, ಆಮೇಲೆ ಗಾಳಿಯಷ್ಟೇ ಉಳಿಯಿತು. ಉಜ್ದಾದ ವೈದ್ಯರು ಗಂಟಲಿನಲ್ಲಿ ಗೆಡ್ಡೆಯಿದೆ, ತಡವಾಗಿದೆ ಎಂದರು. ಲಾಲ್ಲಾ ತಾಮು ಬೇಡಿಕೊಂಡರೂ ಅವರು ದಿಬ್ಬ ಬಿಡಲಿಲ್ಲ. ಕೊನೆಯದಾಗಿ ಬಂದ ಶುಕ್ರವಾರ ಜೆಲ್ಲಾಬವನ್ನು ಕಳಚಿ ಕೊಂಬೆಗೆ ಹಾಕಲು ಕೈ ಎಟುಕಲಿಲ್ಲ, ನಾನು ಹಾಕಿದೆ. ಅವರು ಎದುರು ದಡಕ್ಕೆ ಮುಖ ಮಾಡಿ ಬಾಯಿ ತೆರೆದರು. ಏನೂ ಬರಲಿಲ್ಲ. ನನ್ನ ಕಡೆ ತಿರುಗಿ, ಬೆರಳಿನಿಂದ ನನ್ನನ್ನು ತೋರಿಸಿ, ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟರು.

ನಾನು ಎದ್ದು ಅಲ್ಲಿ ನಿಂತೆ. ಮೊದಲ ವಾಕ್ಯವನ್ನು ನಾನು ಎಷ್ಟು ಸಲ ಬರೆದಿದ್ದೇನೆಂದರೆ ನಿದ್ದೆಯಲ್ಲಿ ಕೇಳಿದರೂ ಹೇಳಬಲ್ಲೆ. ನನ್ನ ಬಾಯಿಂದ ಬಂದ ದನಿ ಮುಂದಿನ ಸಾಲಿನ ಮಕ್ಕಳಿಗೆ ಕೇಳಿಸಿತೋ ಇಲ್ಲವೋ. ಮೇಷ್ಟ್ರು ಕಿವಿಯ ಹಿಂದೆ ಕೈ ಹಿಡಿದು, ಎಂದಿನಂತೆ, ಪೂರ್ತಿ ಹೊತ್ತು ಕಾದರು. ಆಮೇಲೆ ನನ್ನ ಹತ್ತಿರ ಬಗ್ಗಿ, ಉಸಿರಿನಲ್ಲೇ ಹೇಳಿದರು, "ಇವತ್ತು ಮೂಡಣ ಗಾಳಿ. ಯಾರು ಕೂಗಿದ್ರೂ ಹೋಗ್ತಿರ್ಲಿಲ್ಲ." ನನಗೆ ಅವರು ಹೇಳಿದ ಕೊನೆಯ ಮಾತು ಅದು. ಆ ದಿನ ಗಾಳಿ ಮೂಡಣದ್ದೇ ಆಗಿತ್ತು, ಅವರು ಸುಮ್ಮನೆ ಸಮಾಧಾನ ಹೇಳಲಿಲ್ಲ; ಸುಳ್ಳಿನಿಂದ ಸಮಾಧಾನ ಮಾಡುವುದು ಅವರಿಗೆ ಬರುತ್ತಿರಲಿಲ್ಲ.

ಅವರನ್ನು ದಿಬ್ಬದ ಪಕ್ಕದ ಸ್ಮಶಾನದಲ್ಲೇ ಮಣ್ಣು ಮಾಡಿದರು. ಮೂರನೆಯ ದಿನ ಬೆಳಿಗ್ಗೆ ನಾವು ಹೆಂಗಸರು ಒಣ ಅಂಜೂರವನ್ನೂ ರೊಟ್ಟಿಯನ್ನೂ ಹಂಚಲು ತೆಗೆದುಕೊಂಡು ಗೋರಿಗೆ ಹೋದೆವು. ಲಾಲ್ಲಾ ತಾಮು ಗೋರಿಯ ಮೇಲೆ ನೀರು ಚಿಮುಕಿಸಿ ತಲೆಯೆತ್ತಿದವಳು ಹಾಗೆಯೇ ನಿಂತುಬಿಟ್ಟಳು. ಎದುರು ದಡದಲ್ಲಿ ಖೈರಾ ಮೇಡಂ ಬಂದಿದ್ದರು. ಮೊಮ್ಮಕ್ಕಳಷ್ಟೇ ಅಲ್ಲ, ದೊಡ್ಡವರೂ, ಗಂಡಸರೂ ಹೆಂಗಸರೂ ಕಂದಕದ ಆಚೆ ಸಾಲಾಗಿ ನಿಂತಿದ್ದರು; ಒಂದು ಕಾಲದಲ್ಲಿ ನಮ್ಮ ಹಾಸಿಗೆಗಳ ಮೇಲೆ ಮಲಗಿದ್ದವರಿರಬೇಕು. ಖೈರಾ ಮೇಡಂ ಏನೋ ಕೂಗಿದರು. ಅಂದು ಪಡುವಣ ಗಾಳಿ ಜೋರಾಗಿತ್ತು, ಆಕೆಯ ಮಾತನ್ನು ಹಿಂದಕ್ಕೆ ಒಯ್ದುಬಿಟ್ಟಿತು. ಕೂಗಿ, ಆಕೆ ಕಿವಿಯ ಹಿಂದೆ ಕೈ ಹಿಡಿದರು. ಆಗ ನನಗೆ ಗೊತ್ತಾಯಿತು, ಮೇಷ್ಟ್ರ ಆ ಕೈ ಅವರೊಬ್ಬರದಾಗಿರಲಿಲ್ಲ, ಆಚೆಯೂ ಅದೇ ಕೈ ಇತ್ತು.

"ಯಾರಾದ್ರೂ ಏನಾದ್ರೂ ಹೇಳ್ರೇ. ಆಕೆ ಕಾಯ್ತಾ ಇದಾಳೆ" ಎಂದಳು ಲಾಲ್ಲಾ ತಾಮು. ನಮ್ಮಲ್ಲಿ ಯಾರಿಗೂ ಏನು ಹೇಳಬೇಕೆಂದು ತೋಚಲಿಲ್ಲ. ಯಾರೋ ಕೈ ಬೀಸಿದರು. ಯಾರೋ ಅತ್ತರು. ಗಾಳಿ ನಮ್ಮ ಬೆನ್ನಿನಿಂದ ಅವರ ಮುಖಕ್ಕೆ ಬೀಸುತ್ತಿತ್ತು. ಒಂದು ಮಾತು ಆಡಿದ್ದರೂ ಹೋಗುತ್ತಿತ್ತು. ಅವರು ಬಹಳ ಹೊತ್ತು ಕಾದರು. ಆಮೇಲೆ ಖೈರಾ ಮೇಡಂ ಎರಡೂ ಕೈ ಅಗಲಿಸಿ, ಮಕ್ಕಳನ್ನು ಕಂದಕದ ಅಂಚಿನಿಂದ ಹಿಂದಕ್ಕೆ ಸರಿಸಿ, ಸಾಲು ಮಾಡಿಸಿ ಕರೆದುಕೊಂಡು ಹೋದರು.

ಸಿ ಬುಝಿಯಾನರಂಥವರು ಎಲ್ಲ ಗಡಿಗಳಲ್ಲೂ ಇರುತ್ತಾರೆ ಎಂದು ನನಗೆ ಅನಿಸುತ್ತದೆ. ಅವರಿಂದ ಗಡಿಗಳು ತೆರೆಯುವುದಿಲ್ಲ, ಬೇಲಿಗಳು ಬೀಳುವುದಿಲ್ಲ, ಸಭೆಗಳಲ್ಲಿ ಅವರ ಮಾತು ಮುಗಿಯುವ ಮೊದಲೇ ಊಟದ ಹೊತ್ತಾಗುತ್ತದೆ. ಲೋಕದಲ್ಲಿ ಹೆಚ್ಚಿನವರು ತಮ್ಮ ಮಾತು ಮುಗಿದ ಕೂಡಲೇ ತಿರುಗಿ ಹೋಗುತ್ತಾರೆ. ಇವರು ಆಚೆಯವರಿಗೆಂದು ಜಾಗ ಬಿಟ್ಟು ಮಾತಾಡುತ್ತಾರೆ, ಆ ಜಾಗ ಬರಿದಾಗಿಯೇ ಉಳಿದರೂ ಅದನ್ನು ತಮ್ಮ ಮಾತಿನಿಂದ ತುಂಬಿಕೊಳ್ಳುವುದಿಲ್ಲ. ಇಂಥವರು ಬದುಕಿರುವ ತನಕ ನಾವು ನಗುತ್ತೇವೆ. ಅವರು ಹೋದ ಮೇಲೆ ಆಚೆ ದಡದಲ್ಲಿ ಒಬ್ಬರು ಕಾಯುತ್ತ ಉಳಿಯುತ್ತಾರೆ, ಮತ್ತು ಈಚೆ ದಡದಲ್ಲಿ ನಾವು ಬಾಯಿ ಬಾರದೆ ನಿಂತಿರುತ್ತೇವೆ.

ಬಿಳಿ ಮೇಲಂಗಿಯನ್ನು ಲಾಲ್ಲಾ ತಾಮು ಒಗೆದು ನನಗೆ ಕೊಟ್ಟಿದ್ದಾಳೆ. ತೋಳು ಉದ್ದ, ಮಡಚಿದ್ದೇನೆ. ನಲವತ್ತನೆಯ ದಿನ ಶುಕ್ರವಾರ ಬೀಳುತ್ತದೆ. ಕೂಟದಲ್ಲಿ ಇದನ್ನು ಈಗಿನ ಮೇಷ್ಟ್ರು ಓದಲಿ. ನಾನು ಆ ಹೊತ್ತಿಗೆ ದಿಬ್ಬ ಹತ್ತಿ, ಗಾಳಿ ಪಡುವಣದ್ದಾಗಿದ್ದರೆ, ಮೊದಲ ವಾಕ್ಯ ಕೂಗುತ್ತೇನೆ. ಮೂಡಣದ್ದಾಗಿದ್ದರೆ ಮುಂದಿನ ಶುಕ್ರವಾರ ಮತ್ತೆ ಹೋಗುತ್ತೇನೆ.